ಬಾಕಿ ಚಿಲ್ಲರೆ

ಮೊದಲ ಅಂದಾಜು ಬರೆದದ್ದು
ಟ್ರಿಪ್ ಶೀಟಿನ ಹಿಂಬದಿಯಲ್ಲಿ,
ಮಂಡ್ಯ ಬಸ್‌ಸ್ಟ್ಯಾಂಡು, ಬೆಳಗಿನ ಐದೂಮುಕ್ಕಾಲು,
ಡ್ರೈವರ್ ಅಯೂಬಣ್ಣ ಟೀ ಕುಡಿದು ಬರುವಷ್ಟರಲ್ಲಿ.

ಅಂಡಮಾನಿಗೆ ವಿಮಾನ, ಮೂರು ಜನ, ಹೋಗಿ ಬರಲು: ನಲವತ್ತೆರಡು ಸಾವಿರ.
ರೂಮು, ಐದು ರಾತ್ರಿ: ಹದಿನೈದು.
ದ್ವೀಪದಿಂದ ದ್ವೀಪಕ್ಕೆ ಹಡಗು: ಒಂಬತ್ತು.
ಊಟ: ಬರೆದೆ, ಹೊಡೆದೆ, ಮತ್ತೆ ಬರೆದೆ.
ಗಾಜಿನ ತಳದ ದೋಣಿ:
ಇದರ ಮುಂದೆ ಮೊತ್ತ ಹಾಕಲಿಲ್ಲ.
ಕಾಲಡಿಯಲ್ಲೇ ಮೀನು ಕಾಣುತ್ತವಂತೆ, ಎಷ್ಟಾದರೂ ಆಗಲಿ.

ಹತ್ತೊಂಬತ್ತು ವರ್ಷ ನನ್ನ ಕಾಲಡಿ ಕಂಡದ್ದು
ಕಡಲೆಕಾಯಿ ಸಿಪ್ಪೆ, ವಾಂತಿಯ ಮೇಲೆ ಸುರಿದ ಮರಳು,
ಯಾವುದೋ ಮಗು ಬಿಟ್ಟಿಳಿದ ಒಂದೇ ಒಂದು ಚಪ್ಪಲಿ.

ಜವರೇಶ ಹಾಳೆ ನೋಡಿದ. ಸ್ಪ್ಯಾನರ್ ಕೆಳಗಿಡಲಿಲ್ಲ.
"ಅಲ್ಲ ಕಣಮ್ಮಿ, ನೀರ್ ನೋಡಕ್ಕೆ ಎಂಬತ್ ಸಾವ್ರವಾ?
ನಮ್ಮನೆ ಹಿಂದ್ಗಡೆ ನಾಲೆ ಇಲ್ವಾ?"
ಸ್ವಲ್ಪ ಹೊತ್ತು ಬಿಟ್ಟು ಕೇಳಿದ,
"ಮೀನು ಎಂಥವು?"
ವಾರದ ಮೇಲೆ ನೋಡಿದರೆ ಅವನೇ ಒಂದು ಬಾಬತ್ತು ಸೇರಿಸಿದ್ದ,
ಗ್ರೀಸಿನ ಹೆಬ್ಬೆಟ್ಟಿನ ಸಮೇತ:
ಕೂಲಿಂಗ್ ಗ್ಲಾಸು, ೧. ರೂ. ೨೦೦.

ಆಮೇಲೆ ಹೊಡೆದುಹಾಕುವ ಕಾಲ ಬಂತು.
ಅತ್ತೆಗೆ ಹಲ್ಲಿನ ಸೆಟ್ಟು: ವಿಮಾನ ಹೋಯಿತು,
ಚೆನ್ನೈನಿಂದ ಹಡಗು ಬಂತು, ಬಂಕ್ ಕ್ಲಾಸು.
ಪಂಪ್‌ಸೆಟ್ ಮೋಟಾರು ಸುಟ್ಟಿತು: ಐದು ರಾತ್ರಿ ಮೂರಾಯಿತು.
ನಾದಿನಿಯ ಸೀಮಂತಕ್ಕೆ ಸೀರೆ: ಮೂರನೇ ದ್ವೀಪ ಮುಳುಗಿತು.
ಮಗಳು ಲಿಖಿತಾ 'ಈಜುವ ಡ್ರೆಸ್ಸು' ಅಂತ ಬರೆದಿದ್ದನ್ನು
ನಾನೇ ಹೊಡೆದು, ಪಕ್ಕದಲ್ಲಿ 'ಚೂಡಿದಾರ ಸಾಕು' ಅಂದೆ.
ಎರಡು ದಿನ ಮಾತು ಬಿಟ್ಟಳು.

ಸಂಘದಲ್ಲಿ ಚೀಟಿ ಎತ್ತುವ ಭಾನುವಾರ
ಯಾಕೆ ಬೇಕು ದುಡ್ಡು ಎಂದು ಒಬ್ಬೊಬ್ಬರನ್ನೂ ಕೇಳಿದರು.
ಶೀಟಿನ ಮನೆ. ಬಾಣಂತನ. ಹಸು.
ನಾನು ಸಮುದ್ರ ಅಂದೆ.
ಸಾಕಮ್ಮಣ್ಣಿ ಎಲೆಅಡಿಕೆ ಉಗಿದು ಬಂದು
"ಸಮುದ್ರ ಏನ್ ಕರ ಹಾಕ್ತದಾ?" ಅಂದಳು.
ಎಲ್ಲ ನಕ್ಕರು, ನಾನೂ ನಕ್ಕೆ.
ಚೀಟಿ ಅವಳ ಹಸುವಿಗೇ ಹೋಯಿತು.

ಇಂಡುವಾಳು, ತೂಬಿನಕೆರೆ, ಗಣಂಗೂರು ದಾಟಿ
ಬಸ್ಸು ಸೇತುವೆ ಏರುವಾಗ, ನಾಳೆ ಪರೀಕ್ಷೆಯಿದ್ದ ಹುಡುಗನೊಬ್ಬ
ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದ:
ಸುತ್ತಲೂ ನೀರಿನಿಂದ ಆವರಿಸಿದ ಭೂಭಾಗವೇ ದ್ವೀಪ.
ಉದಾಹರಣೆಗೆ, ಶ್ರೀರಂಗಪಟ್ಟಣ.

ಟಿಕೆಟ್ ಮೆಷಿನ್ನು ಕೈಯಲ್ಲೇ ನಿಂತಿತು.
ದಿನಕ್ಕೆ ಆರು ಸಲ ದ್ವೀಪ ಹತ್ತಿ ದ್ವೀಪ ಇಳಿಯುವವಳು ನಾನು,
ಹೆಂಗಸರಿಗೆಲ್ಲ ಅಲ್ಲಿಗೆ ಸೊನ್ನೆ ಟಿಕೆಟ್ ಹರಿದುಕೊಟ್ಟವಳು!
ಅಯೂಬಣ್ಣನಿಗೆ ಹೇಳಿದರೆ ಕನ್ನಡಿಯಲ್ಲೇ ನಕ್ಕ:
"ಉಳೀತಲ್ಲ ತಂಗಿ ದುಡ್ಡು."

ಸಾಲದು ಅಯೂಬಣ್ಣ.
ಈ ನೀರು ನನಗೆ ಗೊತ್ತು. ಬೇಸಿಗೆಗೆ ಬಂಡೆ ತೋರಿಸುತ್ತದೆ,
ಸಂಗಮದಲ್ಲಿ ಬಿಟ್ಟ ಅಸ್ಥಿಯ ಕುಡಿಕೆಗಳು ದಡಕ್ಕೆ ತಾಗಿ ನಿಲ್ಲುತ್ತವೆ,
ನಮ್ಮಪ್ಪನದೂ ನಿಂತಿತ್ತು, ಕಾಲಲ್ಲಿ ತಳ್ಳಿದೆ.
ನನ್ನ ಗುರುತೇ ಇಲ್ಲದ ನೀರು ಬೇಕು.
ಮುಂದಿನ ಸ್ಟೇಜಿಲ್ಲದ್ದು,
ಹೋಲ್ಡಾನ್ ಅಂದರೂ ನಿಲ್ಲದ್ದು.
ನಾಲಿಗೆಗೆ ಉಪ್ಪು ತಾಗಿ ಒಂದು ಸಲ ಥೂ ಅನ್ನಬೇಕು,
ನನ್ನದೇ ದುಡ್ಡಲ್ಲಿ.

ಲೆಕ್ಕ ಈಗ ಮೂವತ್ತೊಂದು ಸಾವಿರದ ನಾನೂರಕ್ಕೆ ಬಂದಿದೆ.
ಕೈಯಲ್ಲಿರುವುದು ಹನ್ನೊಂದು.
ಹಾಳೆ ಮಡಿಕೆಯಲ್ಲೇ ಹರಿದಿದೆ, ಊಟ ಒಂದು ಕಡೆ, ಹಡಗು ಒಂದು ಕಡೆ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದು
ಸುತ್ತ ಗೀಟು ಹಾಕಿ ಕೊಡುತ್ತೇನೆ.
ಇಳಿಯುವ ಗಡಿಬಿಡಿಯಲ್ಲಿ ಕೆಲವರು ಮರೆತೇ ಹೋಗುತ್ತಾರೆ,
ಕೂಗಿದರೂ ತಿರುಗುವುದಿಲ್ಲ.
ನಾನು ಮರೆಯುವವಳಲ್ಲ.
ಗಾಜಿನ ತಳದ ದೋಣಿಯ ಮುಂದೆ
ಇನ್ನೂ ಮೊತ್ತ ಹಾಕಿಲ್ಲ.